ಮೂರನೇ ಕಂತಿನ ಕನ್ನಡಿ

ಬಸವೇಶ್ವರನಗರದ ನಮ್ಮ ಓದುಗರ ಕೂಟದಲ್ಲಿ ಹನ್ನೆರಡು ಜನ ಇದ್ದೇವೆ. ತಿಂಗಳಿಗೊಂದು ಭಾನುವಾರ ಸಂಜೆ ಯಾರಾದರೊಬ್ಬರ ಮನೆಯಲ್ಲಿ ಸೇರುತ್ತೇವೆ. ಒಬ್ಬರು ಅರ್ಧ ಗಂಟೆ ಮಾತಾಡುತ್ತಾರೆ, ಉಳಿದವರು ಒಂದು ಗಂಟೆ ಅದನ್ನು ಅಲ್ಲಗಳೆಯುತ್ತಾರೆ. ಕಳೆದ ತಿಂಗಳ ಸರದಿ ನನ್ನದಾಗಿತ್ತು. ಸುಲಭವಾಗಿ ಮುಗಿಯಲಿ ಎಂದು ವಿಷಯವನ್ನು ನಾನೇ ಆರಿಸಿಕೊಂಡಿದ್ದೆ: ಒಂದು ಹಳೆಯ ಪತ್ತೇದಾರಿ ಕಾದಂಬರಿ, ಅದನ್ನು ಆಧರಿಸಿದ ಟಿವಿ ಧಾರಾವಾಹಿ, ಒಂದು ಕನ್ನಡ ಸಿನಿಮಾ, ಮತ್ತು ಇತ್ತೀಚೆಗೆ ಬಂದ ವೆಬ್ ಸೀರೀಸ್. ಕಾದಂಬರಿಯ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಓದಿದವರು ತಮ್ಮ ನೆನಪುಗಳನ್ನೂ ತಂದು ಸೇರಿಸುತ್ತಾರೆ. ನನ್ನೊಬ್ಬಳ ನೆನಪಿನ ಗೊಂದಲವೇ ಈಗ ನನಗೆ ಹೆಚ್ಚಾಗಿದೆ.

ಕಥೆ ಹೀಗಿದೆ. ಬೆಟ್ಟದ ಮೇಲೊಂದು ದೊಡ್ಡ ಮನೆ. ಯಜಮಾನಿಯ ಮುತ್ತಿನ ಹಾರ ಕಳುವಾಗುತ್ತದೆ. ಮನೆ ನೋಡಿಕೊಳ್ಳುತ್ತಿದ್ದ ಹೆಂಗಸಿನ ಮೇಲೆ ಎಲ್ಲರಿಗೂ ಅನುಮಾನ. ಅತಿಥಿಯಾಗಿ ಬಂದಿದ್ದ ಮೇಷ್ಟ್ರೊಬ್ಬರು ಅವಳ ವಿರುದ್ಧ ಸಾಕ್ಷಿ ಹೇಳುತ್ತಾರೆ. ಆಮೇಲೆ ಪತ್ತೇದಾರ ಬರುತ್ತಾನೆ, ಒಬ್ಬೊಬ್ಬರನ್ನೇ ಕೂರಿಸಿಕೊಂಡು ಪ್ರಶ್ನೆ ಕೇಳುತ್ತಾನೆ, ಕದ್ದವನು ಯಜಮಾನಿಯ ಅಳಿಯ ಎಂದು ಕೊನೆಯಲ್ಲಿ ತೋರಿಸಿಕೊಡುತ್ತಾನೆ.

ನನ್ನ ಮಾತಿನ ಮೊದಲ ವಾಕ್ಯ ಎರಡು ವಾರ ಮುಂಚೆಯೇ ಸಿದ್ಧವಿತ್ತು. ಮೂರರಲ್ಲಿ ಧಾರಾವಾಹಿಯೇ ಪುಸ್ತಕಕ್ಕೆ ಹೆಚ್ಚು ಹತ್ತಿರ, ಎಂದು. ಅದಕ್ಕೆ ಆಧಾರವಾಗಿ ಒಂದು ದೃಶ್ಯವಿತ್ತು. ಬೀರುವಿನ ಕನ್ನಡಿಯಲ್ಲಿ ಹಸಿರು ಬಳೆ ತೊಟ್ಟ ಕೈಯೊಂದು ಹಾರದ ಕಡೆಗೆ ಚಾಚುವುದನ್ನು ಮೇಷ್ಟ್ರು ಕಾಣುತ್ತಾರಲ್ಲ, ಅದು. ಪುಸ್ತಕದಲ್ಲಿರುವ ಹಾಗೇ ತೆರೆಯ ಮೇಲೂ ಇದೆ ಎಂದು ಎಷ್ಟೋ ಜನರಿಗೆ ಹೇಳಿದ್ದೇನೆ. ಕಾಲೇಜಿನಲ್ಲಿ ಪಾಠ ಮಾಡುವಾಗಲೂ ಹೇಳಿದ್ದೇನೆ.

ಪುಸ್ತಕ ತೆಗೆದು ಮತ್ತೆ ಓದಿದೆ. ಅದರಲ್ಲಿ ಕನ್ನಡಿ ಇಲ್ಲ. ಬಳೆಯೂ ಇಲ್ಲ. ಮೇಷ್ಟ್ರು ಏನನ್ನೂ ನೋಡುವುದೇ ಇಲ್ಲ. ಪಕ್ಕದ ಕೋಣೆಯಲ್ಲಿ ಮಲಗಿದ್ದವರಿಗೆ ಗೋಡೆಯಾಚೆ ಬೀಗದ ಕೈ ಗೊಂಚಲಿನ ಸದ್ದು ಕೇಳಿಸುತ್ತದೆ, ಅಷ್ಟೇ. ಗೊಂಚಲು ಇರುವುದು ಆ ಹೆಂಗಸಿನ ಸೊಂಟದಲ್ಲಿ, ಹಾಗಾಗಿ ಬಂದವಳು ಅವಳೇ ಎಂದು ಅಂದುಕೊಳ್ಳುತ್ತಾರೆ. ಪತ್ತೇದಾರ ಅವರನ್ನು ಎರಡು ಸಲ ಕೇಳುತ್ತಾನೆ, ನೀವು ಕೇಳಿದ್ದೋ, ಅಂದುಕೊಂಡಿದ್ದೋ ಎಂದು. ಇಡೀ ಕಾದಂಬರಿ ನಿಂತಿರುವುದೇ ಆ ಪ್ರಶ್ನೆಯ ಮೇಲೆ. ಅದನ್ನು ನಾನು ಮರೆತು, ಇಲ್ಲದ ಕನ್ನಡಿಯನ್ನು ನೆನಪಿಟ್ಟುಕೊಂಡಿದ್ದೆ.

ಧಾರಾವಾಹಿಯ ಕಂತುಗಳನ್ನು ಯಾರೋ ಇಂಟರ್ನೆಟ್ಟಿಗೆ ಹಾಕಿದ್ದಾರೆ. ಚಿತ್ರದ ಮೇಲೆ ಗೆರೆಗಳು ಓಡುತ್ತವೆ, ಸದ್ದು ಆಗಾಗ ಮುಳುಗುತ್ತದೆ. ಚಂದ್ರಾ ಲೇಔಟಿನ ನಮ್ಮ ಮನೆಯ ಹಾಲಿನಲ್ಲಿ ಒಂದು ಮಧ್ಯಾಹ್ನ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತೆ. ಅಮ್ಮ ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ಮೂರನೇ ಕಂತಿನಲ್ಲಿ ಕನ್ನಡಿ ಬಂತು. ಸದ್ದನ್ನು ತೋರಿಸಲಾಗುವುದಿಲ್ಲ ಎಂದು ನಿರ್ದೇಶಕರು ಕೈಯನ್ನು ತೋರಿಸಿದ್ದರು. ಬೀರುವಿನ ಉದ್ದ ಕನ್ನಡಿ, ಅದರ ಎಡ ಅಂಚಿನಿಂದ ನಿಧಾನವಾಗಿ ಒಳಗೆ ಬರುವ ಕೈ, ಮಣಿಕಟ್ಟಿನಲ್ಲಿ ಹಸಿರು ಗಾಜಿನ ಬಳೆಗಳು, ಎರಡು ಬೆರಳು ಮುಂದೆ.

ನಾನು ಅದನ್ನು ನಿಲ್ಲಿಸಿ ಹಿಂದಕ್ಕೆ ಓಡಿಸಿ ಮತ್ತೆ ನೋಡಿದೆ. ಆ ಕೈಯನ್ನು ನಾನು ಟಿವಿಯಲ್ಲಿ ಕಂಡದ್ದೆಂದು ಮಾತ್ರವಲ್ಲ, ನಮ್ಮ ಮನೆಯಲ್ಲೇ ಕಂಡದ್ದೆಂದೂ ನೆನಪಿಟ್ಟುಕೊಂಡಿದ್ದೆ. ಅದೇ ಎಡ ಅಂಚು, ಅದೇ ಎರಡು ಬೆರಳು.

ಅದನ್ನು ಹೇಳಬೇಕಾದರೆ ರಾಜಾಜಿನಗರದ ಮನೆಗೆ ಹೋಗಬೇಕು. ನನಗಾಗ ಒಂಬತ್ತು ವರ್ಷ. ಸಾಲಾಗಿ ಮೂರು ಬಾಡಿಗೆ ಮನೆಗಳಿದ್ದ ವಠಾರ. ಮುಂದಿನದು ನಮ್ಮದು. ಹಿಂದಿನ ಮನೆಯಲ್ಲಿ ಗದಗದ ಕಡೆಯಿಂದ ಬಂದ ದಂಪತಿ. ಗಂಡ ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಿದ್ದರು, ಆಂಟಿ ಮನೆಯಲ್ಲೇ ಮೆಷಿನ್ ಇಟ್ಟುಕೊಂಡು ರವಿಕೆ ಹೊಲಿಯುತ್ತಿದ್ದರು. ವಠಾರದಲ್ಲಿ ಟಿವಿ ಇದ್ದದ್ದು ಅವರ ಮನೆಯಲ್ಲಿ ಮಾತ್ರ. ಆ ಧಾರಾವಾಹಿ ಭಾನುವಾರ ಬೆಳಿಗ್ಗೆ ಬರುತ್ತಿತ್ತು, ಹಿಂದಿಯಲ್ಲಿ. ಆಂಟಿಗೆ ಹಿಂದಿ ಬರುತ್ತಿರಲಿಲ್ಲ. ನನಗೆ ಶಾಲೆಯ ಹಿಂದಿ, ಅಂದರೆ ಗಿಳಿಯ ಬಣ್ಣ, ಹಸುವಿನ ಉಪಯೋಗ. ಆದರೂ ಅವರು ರವಿಕೆಯ ಗುಂಡಿಗೆ ಕಾಜಾ ಹಾಕುತ್ತಾ, "ಏನಂದ್ಲು ಪುಟ್ಟಿ ಅಕಿ?" ಎಂದು ಕೇಳುತ್ತಿದ್ದರು. ನಾನು ಒಂದು ಕ್ಷಣವೂ ತಡೆಯದೆ ಹೇಳುತ್ತಿದ್ದೆ. ಗೊತ್ತಿಲ್ಲ ಎಂದು ಒಮ್ಮೆಯೂ ಹೇಳಿದ ನೆನಪಿಲ್ಲ. ತೋಚಿದ್ದನ್ನು ಹೇಳುತ್ತಿದ್ದೆ, ಹೇಳಿದ್ದು ಕಥೆಗೆ ಹೊಂದಿಕೊಂಡರೆ ಖುಷಿಯಾಗುತ್ತಿತ್ತು.

ಆ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಅಮ್ಮ ಕಳಶದ ಮೇಲಿನ ಬೆಳ್ಳಿ ಮುಖವಾಡಕ್ಕೆ ಅಜ್ಜಿಯ ಬಿಳಿ ಹರಳಿನ ಮೂಗುಬೊಟ್ಟನ್ನು ಮೇಣದಿಂದ ಅಂಟಿಸಿದ್ದಳು. ಕಳಶದ ಕೆಳಗೆ ತಟ್ಟೆಯಲ್ಲಿ ಸಂಜೆ ತಾಂಬೂಲದ ಜೊತೆ ಕೊಡಲು ರವಿಕೆ ಕಣಗಳು. ಅಕ್ಕಪಕ್ಕದವರೆಲ್ಲ ಬಂದು ಅರಿಶಿನ ಕುಂಕುಮ ತೆಗೆದುಕೊಂಡು ಹೋದರು. ಮಾರನೆಯ ದಿನ ಕಳಶ ಕದಲಿಸುವಾಗ ಮೂಗುಬೊಟ್ಟು ಇರಲಿಲ್ಲ. ಹೂವಿನ ರಾಶಿ, ಕಳಶದ ಅಕ್ಕಿ, ಚಾಪೆಯ ಕೆಳಗೆ, ಎಲ್ಲ ಕಡೆ ಹುಡುಕಿದರು. ಆಗ ನಾನು ಹೇಳಿದೆ: ಹಿಂದಿನ ಮನೆ ಆಂಟಿ ದೇವರ ಮುಖದ ಹತ್ತಿರ ಕೈ ಇಟ್ಟಿದ್ದನ್ನು ಕನ್ನಡಿಯಲ್ಲಿ ನೋಡಿದೆ.

ಯಾರೂ ಯಾರನ್ನೂ ಕಳ್ಳಿ ಎನ್ನಲಿಲ್ಲ. ನಮ್ಮವರು ಹಾಗೆ ಅನ್ನುವುದಿಲ್ಲ. ಅಮ್ಮ ಹೊಲಿಯಲು ಕೊಟ್ಟಿದ್ದ ಎರಡು ರವಿಕೆಗಳನ್ನು ಹಾಗೇ ವಾಪಸ್ ಇಸಿದುಕೊಂಡಳು. ಮತ್ತೊಂದೆರಡು ಭಾನುವಾರ ಕಳೆದ ಮೇಲೆ ನನ್ನ ಟಿವಿಯೂ ನಿಂತಿತು. ಮಾತು ವಠಾರದ ಮಾಲೀಕರಿಗೆ ಹೇಗೋ ತಲುಪಿತು. ದೀಪಾವಳಿಗೆ ಮುಂಚೆ ಆಂಟಿಯ ಹೊಲಿಗೆ ಮೆಷಿನ್ನು ತಳ್ಳುಗಾಡಿ ಏರಿತು.

ಲ್ಯಾಪ್‌ಟಾಪಿನ ಮೇಲೆ ಆ ಕೈ ಹಾಗೇ ನಿಂತಿತ್ತು. ಅಮ್ಮನನ್ನು ಕೇಳಿದೆ, "ರಾಜಾಜಿನಗರದ ಮನೇಲಿ ದೇವರ ಎದುರಿಗೆ ಕನ್ನಡಿ ಬೀರು ಇತ್ತಲ್ಲಮ್ಮಾ?"

"ಎಲ್ಲಿತ್ತು? ಬೀರು ತಗೊಂಡಿದ್ದು ವಿಜಯನಗರಕ್ಕೆ ಬಂದ್ಮೇಲೆ. ಅಲ್ಲಿ ನಿಮ್ಮಪ್ಪ ಶೇವ್ ಮಾಡ್ಕೊಳ್ಳೋ ಕನ್ನಡಿ ಒಂದೇ ಇದ್ದಿದ್ದು, ಅದೂ ಬಚ್ಚಲಲ್ಲಿ."

"ಹಂಗಾದ್ರೆ ನಾನು ನೋಡಿದ್ದು ಎಲ್ಲಿ?"

"ಏನು ನೋಡಿದ್ದು?"

ಹೇಳಿದೆ. ಅಮ್ಮ ಅವರೆಕಾಯಿಯಿಂದ ತಲೆ ಎತ್ತಲಿಲ್ಲ. "ಈಗ್ಯಾಕೆ ಅದೆಲ್ಲ?" ಎಂದಳು.

"ನೀನೇ ಕೇಳಿದ್ಯಾ, ನಾನೇ ಬಂದು ಹೇಳಿದ್ನಾ?"

"ನೀನೇ ಓಡ್ಕೊಂಡು ಬಂದು ಹೇಳ್ದೆ ಕಣೇ. ನಾನ್ಯಾಕೆ ಕೇಳ್ಲಿ?"

ನನ್ನ ನೆನಪು ಬೇರೆ. ಅಮ್ಮ ನನ್ನ ಎರಡೂ ಭುಜ ಹಿಡಿದು, ಹಿಂದಿನ ಮನೆಯವರು ದೇವರ ಹತ್ತಿರ ಹೋಗಿದ್ದರಾ, ನೋಡಿದೆಯಾ ಎಂದು ಕೇಳಿದ ಹಾಗೆ, ನಾನು ಹೂಂ ಎಂದ ಹಾಗೆ. ಆದರೆ ಆ ನೆನಪಿನಲ್ಲೂ ಅಮ್ಮನ ಹಿಂದೆ ಬೀರು ನಿಂತಿದೆ. ಹಾಗಾಗಿ ಅದನ್ನು ನಾನು ಅಮ್ಮನ ಮೇಲೆ ಹೇಗೆ ಹೊರಿಸಲಿ?

ಮುಂದಿನ ನಾಲ್ಕು ದಿನ ಭಾಷಣ ಬರೆಯಲು ಕುಳಿತು ಏಳುವುದೇ ಆಯಿತು. ಬೆಳಿಗ್ಗೆ ಹಾಲು ತರಲು ಹೋದವಳು ಹಾಲು ಮರೆತು ಮೂರು ಕ್ರಾಸ್ ನಡೆದು ವಾಪಸ್ ಬಂದೆ. ಸಿನಿಮಾ ನೋಡಿದೆ. ಕಥೆಯನ್ನು ಕಾಫಿ ಎಸ್ಟೇಟಿಗೆ ತಂದು, ಪತ್ತೇದಾರನಿಗೆ ಎರಡು ಹಾಡು ಕೊಟ್ಟು, ಆ ಹೆಂಗಸನ್ನು ಕೊನೆಯಲ್ಲಿ ಅವನ ಹೆತ್ತ ತಾಯಿ ಮಾಡಿದ್ದಾರೆ. ಸಾಕ್ಷಿ ಹೇಳುವ ಮೇಷ್ಟ್ರೇ ಇಲ್ಲ. ನಗು ಬರಬೇಕಿತ್ತು. ವೆಬ್ ಸೀರೀಸಿನಲ್ಲಿ ಅದೇ ರಾತ್ರಿಯನ್ನು ಮೂರು ಸಲ ತೋರಿಸುತ್ತಾರೆ. ಒಮ್ಮೆ ಕೈ, ಒಮ್ಮೆ ಬರೀ ನೆರಳು, ಒಮ್ಮೆ ಖಾಲಿ ಕೋಣೆ. ಮೇಷ್ಟ್ರು ಮೂರನ್ನೂ ಅಷ್ಟೇ ಧೈರ್ಯದಿಂದ ಹೇಳುತ್ತಾರೆ. ವಿಮರ್ಶಕರು ಇದು ಅನಗತ್ಯ ಎಂದು ಬರೆದಿದ್ದರು; ಮೊದಲ ಸಲ ನೋಡಿದಾಗ ನಾನೂ ಹಾಗೇ ಗುರುತು ಹಾಕಿಕೊಂಡಿದ್ದೆ. ಈಗ ಪುಸ್ತಕದಲ್ಲಿ ಪತ್ತೇದಾರ ಕೇಳುವ ಪ್ರಶ್ನೆಯನ್ನು ಉಳಿಸಿಕೊಂಡಿರುವುದು ಇದೊಂದೇ ಎನ್ನಿಸಿತು. ಆ ಗುರುತನ್ನು ಹೊಡೆದು ಹಾಕಿದೆ. ಹೊಡೆದು ಹಾಕಿದ್ದು ಒಳ್ಳೆಯ ಕಾರಣಕ್ಕೋ, ಈಗ ನನಗೆ ಅದು ಬೇಕಾಗಿರುವುದಕ್ಕೋ ಗೊತ್ತಾಗಲಿಲ್ಲ.

ಶುಕ್ರವಾರ ಮಧ್ಯಾಹ್ನ ಊಟದ ಹೊತ್ತಿಗೆ ಅಮ್ಮನ ಹತ್ತಿರ ಮತ್ತೆ ಅದೇ ಮಾತು ತೆಗೆದೆ. ಪಾಪ, ಆ ಮೂಗುಬೊಟ್ಟು ಯಾರ ಕೈ ಸೇರಿತೋ ಏನೋ ಎಂದೆ.

ಅಮ್ಮ ತಟ್ಟೆಗೆ ಮಜ್ಜಿಗೆ ಹಾಕಿಕೊಳ್ಳುತ್ತಾ, "ಅದು ಸಿಕ್ತಲ್ಲ," ಎಂದಳು.

"ಸಿಕ್ತಾ? ಯಾವಾಗ?"

"ಮಾರನೇ ವರ್ಷ. ಹಬ್ಬಕ್ಕೆ ಯಾರ್ದೋ ಮನೇಲಿ ಕೊಟ್ಟ ಬ್ಲೌಸ್ ಪೀಸ್ ಹೊಲಿಸೋಣ ಅಂತ ಬಿಚ್ಚಿದೆ, ಅದರ ಮಡಿಕೆ ಒಳಗೆ ದಾರಕ್ಕೆ ಸಿಕ್ಕಾಕೊಂಡಿತ್ತು."

ಇದು ನಮ್ಮ ಕಡೆಯ ಹೆಂಗಸರಿಗೆ ವಿವರಿಸಬೇಕಿಲ್ಲ. ತಾಂಬೂಲದಲ್ಲಿ ಬಂದ ರವಿಕೆ ಕಣವನ್ನು ಯಾರೂ ಬಿಚ್ಚುವುದಿಲ್ಲ, ಹೊಲಿಸುವುದಂತೂ ಅಪರೂಪ. ಅದು ಹಾಗೇ ಮಡಿಸಿದಂತೆ ಟ್ರಂಕಿಗೆ ಹೋಗಿ, ಮುಂದಿನ ಹಬ್ಬಕ್ಕೆ ಇನ್ನೊಬ್ಬರ ತಾಂಬೂಲಕ್ಕೆ ಬರುತ್ತದೆ. ಕೊಟ್ಟವರಿಗೇ ತಿರುಗಿ ಕೊಟ್ಟರೆ ಅವಮಾನ ಎಂದು ಅಮ್ಮ ತನ್ನ ಕೈಗೆ ಬಂದ ಪ್ರತಿ ಕಣದ ಮೂಲೆಯಲ್ಲೂ ಅದು ಯಾರ ಮನೆಯದೆಂದು ಪೆನ್ಸಿಲಿನಿಂದ ಒಂದು ಅಕ್ಷರ ಬರೆದಿಡುತ್ತಿದ್ದಳು. ಬಿಚ್ಚಿದ ಆ ಕಣದ ಮೂಲೆಯಲ್ಲಿ ಹಿಂದೆ ಅವಳೇ ಬರೆದ ಅಕ್ಷರವಿತ್ತಂತೆ. ಮೇಣ ಸಡಿಲವಾಗಿ ಕೆಳಗಿನ ತಟ್ಟೆಗೆ ಬಿದ್ದ ಮೂಗುಬೊಟ್ಟು ಅದೇ ಸಂಜೆ ಅಮ್ಮನ ಕೈಯಿಂದಲೇ ಹೊರಗೆ ಹೋಗಿ, ಎಷ್ಟು ಮನೆ ಸುತ್ತಿತೋ, ವರ್ಷಕ್ಕೆ ಮನೆಗೆ ಬಂದಿತ್ತು.

"ನಂಗ್ಯಾಕೆ ಹೇಳ್ಲಿಲ್ಲ?"

"ನೀನು ಚಿಕ್ಕೋಳು."

"ಅವರಿಗೆ?"

"ಅವ್ರು ಖಾಲಿ ಮಾಡ್ಕೊಂಡು ಹೋಗಿದ್ರಲ್ಲೇ. ಎಲ್ಲಿ ಅಂತ ಹುಡುಕ್ಲಿ?"

"ಮೂಗುಬೊಟ್ಟು ಎಲ್ಲಿದೆ ಈಗ?"

"ಇಟ್ಕೊಳ್ಳೋಕೆ ಮನಸ್ಸು ಬರ್ಲಿಲ್ಲ. ದೇವಸ್ಥಾನದ ಹುಂಡಿಗೆ ಹಾಕ್ಬಿಟ್ಟೆ." ಕೈ ತೊಳೆಯಲು ಎದ್ದವಳು ಬಚ್ಚಲ ಬಾಗಿಲಲ್ಲಿ ನಿಂತು, ನನ್ನ ಕಡೆ ತಿರುಗದೆ ಹೇಳಿದಳು, "ಉಲ್ಲಾಳದಲ್ಲಿ ಟೈಲರ್ ಅಂಗಡಿ ಇಟ್ಕೊಂಡಿದಾಳಂತೆ. ಬಸ್ ಸ್ಟಾಪಿನ ಎದುರಿಗೆ. ಯಾರೋ ಹೇಳ್ತಾ ಇದ್ರು."

ಉಲ್ಲಾಳ ನಮ್ಮ ಮನೆಯಿಂದ ಅರ್ಧ ಗಂಟೆಯ ದಾರಿ. ಯಾರೋ ಹೇಳಿದ್ದು ಯಾವಾಗ ಎಂದು ನಾನು ಕೇಳಲಿಲ್ಲ.

ಶನಿವಾರ ಹತ್ತೂವರೆಗೆ ಹೋದೆ. ಬಸ್ಸಿನಲ್ಲಿ ಯೂನಿವರ್ಸಿಟಿ ಹುಡುಗರು ತುಂಬಿದ್ದರು. "ಇಳೀ ಮಗಾ, ಇಳೀ" ಎಂದು ಒಬ್ಬರನ್ನೊಬ್ಬರು ತಳ್ಳುತ್ತಾ ಇಳಿದರು, ನಾನು ಒಂದು ಸ್ಟಾಪ್ ಮುಂಚೆಯೇ ಇಳಿದುಬಿಟ್ಟೆ. ನಡೆಯುತ್ತಾ ಹೇಳಬೇಕಾದ್ದನ್ನು ಜೋಡಿಸಿಕೊಂಡೆ. ಜೋಡಿಸಿದ್ದು ಭಾಷಣದ ಹಾಗೆ ಕೇಳಿಸಿತು.

ಸಣ್ಣ ಅಂಗಡಿ. ಗೋಡೆಯ ತುಂಬ ಹ್ಯಾಂಗರಿನಲ್ಲಿ ರವಿಕೆಗಳು. ಮೆಷಿನ್ನಿನ ಹಿಂದೆ ಕನ್ನಡಕ ಹಾಕಿದ, ಕೂದಲು ಬೆಳ್ಳಗಾದ ಹೆಂಗಸು. ನನಗೆ ಗುರುತು ಸಿಕ್ಕಿದ್ದು ಬಳೆಗಳಿಂದ. ಹಸಿರೇ.

"ಈಗ ಆರ್ಡರ್ ತಗೊಳ್ಳಾಂಗಿಲ್ಲ ನೋಡ್ರಿ, ಮದುವಿ ಸೀಸನ್ನು. ಮುಂದಿನ ತಿಂಗಳ ಬರ್ರಿ."

ಹೊಲಿಸಲು ಬಂದಿಲ್ಲ ಎಂದೆ. ರಾಜಾಜಿನಗರದ ವಠಾರ, ಮುಂದಿನ ಮನೆ ಎಂದೆ. ಅವರು ಕನ್ನಡಕ ತೆಗೆದು ನೋಡಿದರು.

"ಟಿವಿ ಪುಟ್ಟಿ ಏನು? ಯವ್ವಾ! ಬಾ ಒಳಗ, ಕುಂದ್ರು. ಎಷ್ಟು ದಪ್ಪಾಗಿಯಲ್ಲ!"

ಸ್ಟೂಲಿನ ಮೇಲಿದ್ದ ಲೈನಿಂಗ್ ಬಟ್ಟೆ ತೆಗೆದು ಜಾಗ ಮಾಡಿದರು. ಕುಳಿತರೆ ಹೇಳಲಾಗುವುದಿಲ್ಲ ಎನ್ನಿಸಿ ನಿಂತೇ ಹೇಳಿದೆ. ಮೂಗುಬೊಟ್ಟು ಕಳೆದಾಗ ನಿಮ್ಮ ಕೈ ಕನ್ನಡಿಯಲ್ಲಿ ಕಂಡಿತು ಅಂತ ಹೇಳಿದ್ದು ನಾನು, ನಮ್ಮ ಮನೆಯಲ್ಲಿ ಕನ್ನಡಿಯೇ ಇರಲಿಲ್ಲ, ಅದು ನಿಮ್ಮ ಮನೆಯ ಟಿವಿಯಲ್ಲಿ ನೋಡಿದ ಕೈ ಇರಬೇಕು, ಎಂದು.

ಮೆಷಿನ್ನಿನ ಚಕ್ರದ ಮೇಲಿದ್ದ ಅವರ ಕೈ ಅಲ್ಲೇ ನಿಂತಿತು.

"ನೀ ಹೇಳಿದ್ದೇನು?"

"ಹೂಂ ಆಂಟಿ."

"ನಡುವಿನ ಮನಿಯಾಕಿ ಅಲ್ಲ?"

ನಡುವಿನ ಮನೆಯವರು ನನಗೆ ಮಸುಕಾಗಿ ನೆನಪಿದ್ದರು. ಆಂಟಿಯೂ ಅವರೂ ರೇಷನ್ ಅಂಗಡಿಗೆ ಜೊತೆಯಲ್ಲಿ ಹೋಗುತ್ತಿದ್ದರು.

"ಆವತ್ತು ಕುಂಕುಮಕ್ಕ ನಾನೂ ಅಕಿನೂ ಕೂಡೇ ಬಂದಿದ್ವಿ," ಆಂಟಿ ನಿಧಾನವಾಗಿ ಹೇಳಿದರು. "ದೇವರ ಮುಂದ ನಾನಿದ್ದಿದ್ದು ನೋಡಿದಾಕಿ ಅಕಿ ಒಬ್ಬಾಕೀನ. ಮತ್ತ್ಯಾರು ಹೇಳತಾರ ಅಂತ ನಾ ಮಾತು ಬಿಟ್ಟೆ. ಮಗಳ ಮದುವಿ ಕರಿಯಾಕ ಇಲ್ಲೀತನ ಬಂದಿದ್ಲು. ನಾ ಬಾಗ್ಲಾ ತಗೀಲಿಲ್ಲ. ಹೊರಗ ನಿಂತು ಹೋದ್ಲು." ಕನ್ನಡಕವನ್ನು ಮತ್ತೆ ಹಾಕಿಕೊಂಡು, "ತೀರಿಕೊಂಡ್ಲು ಅಕಿ. ನಾಕು ವರ್ಷಾತು," ಎಂದರು.

ಹೇಳಿಬಿಟ್ಟರೆ ಹಗುರಾಗುತ್ತದೆ ಎಂದು ಬಂದಿದ್ದೆ. ಯಾರಿಗೆ ಹಗುರ ಎಂದು ಯೋಚಿಸಿರಲಿಲ್ಲ. ಕಾದಂಬರಿಯ ಮೇಷ್ಟ್ರು ಒಬ್ಬಳ ಮೇಲೆ ಮಾತ್ರ ತಪ್ಪು ಹೊರಿಸುತ್ತಾರೆ. ನನ್ನ ಮಾತು ನನಗೆ ಮುಖವೂ ಸರಿಯಾಗಿ ನೆನಪಿಲ್ಲದ ಇನ್ನೊಬ್ಬರ ಬಾಗಿಲವರೆಗೆ ಹೋಗಿತ್ತು. ಕ್ಷಮಿಸಿ ಎಂದೆ. ಅವರು ಅದನ್ನು ತೆಗೆದುಕೊಳ್ಳಲೂ ಇಲ್ಲ, ಬೇಡ ಎನ್ನಲೂ ಇಲ್ಲ.

"ಒಂದು ಹೇಳ್ತೀನಿ ಕೇಳು," ಎಂದರು. "ನಾ ಮುಟ್ಟಿದ್ದೆ. ಮೂಗುಬೊಟ್ಟು ಸೊಟ್ಟ ಕುಂತಿತ್ತು. ದೇವರ ಮಾರಿ ಹಂಗ ಇರಬಾರದು ಅಂತ ಸರಿ ಮಾಡಿದೆ. ನೀ ನೋಡಿದ್ರೂ ನೋಡಿರಬಹುದು."

ಬಂದಾಗಿನಿಂದ ನಾನು ಹಿಡಿದುಕೊಂಡಿದ್ದ ಒಂದೇ ವಿಷಯ, ನಾನು ನೋಡಿಲ್ಲ ಎನ್ನುವುದು. ಅದೂ ಹೋಯಿತು. ಬಾಗಿಲಲ್ಲಿ ನಿಂತು ನೋಡಿದ್ದೆನೋ ಏನೋ. ಆ ಕೈಗೆ ಮೂರನೇ ಕಂತಿನ ಕನ್ನಡಿಯನ್ನು ಆಮೇಲೆ ತೊಡಿಸಿದ್ದೆನೋ. ಮೂರನೇ ಕಂತು ಬಂದದ್ದು ಹಬ್ಬಕ್ಕೆ ಮುಂಚೆಯೋ ಆಮೇಲೋ ಎಂದು ಕೇಳಿದೆ. ಆಂಟಿಗೆ ಅದು ನೆನಪಿರಲಿಲ್ಲ.

"ಸಿಕ್ತೇನು ಮತ್ತ ಅದು?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ರವಿಕೆ ಕಣದ ಕಥೆ ಕೇಳಿ ಅವರು ನಕ್ಕರು, ನಗು ಅರ್ಧಕ್ಕೆ ನಿಂತಿತು. "ಬಿಚ್ಚಿ ನೋಡಿದ್ರ ಆವತ್ತ ಸಿಗ್ತಿತ್ತು. ಟೈಲರ್ ನಾನು, ನನಗ ಕೊಟ್ಟಿದ್ದು ನಾನೂ ಬಿಚ್ಚಿರಲಿಲ್ಲ ನೋಡು." ಆಮೇಲೆ ದಾರ ಕಚ್ಚಿ ತುಂಡು ಮಾಡಿ ಕೇಳಿದರು, "ಅಕ್ಕಾರು, ನಿಮ್ಮವ್ವ, ಅದಾರೇನು?"

"ಇದಾರೆ. ನನ್ನ ಜೊತೇಲೇ."

"ಹಂಗಾದ್ರ ನೀ ಹೇಳಿದ್ದು ಆತು. ನೀ ಆಗ ಹುಡುಗಿ, ಹುಡುಗರು ಏನರ ಅಂತಾವು. ಸಿಕ್ಕಮ್ಯಾಲೆ ಸುಮ್ನಿದ್ದಾಕಿ ನೀ ಅಲ್ಲಲ್ಲ. ಅಕ್ಕಾರ ಬಂದು ಹೇಳ್ಲಿ. ಭಾನುವಾರ ಒಂದು ಗಂಟೆತನ ಅಂಗಡಿ ತಗದಿರತೈತಿ."

ನಾನು ಹೊರಡಲು ತಿರುಗಿದಾಗ ಮತ್ತೆ ಕರೆದರು. "ಆ ಸೀರಿಯಲ್ಲು ಕಡೀಕ ಏನಾತು? ಮನಿ ಖಾಲಿ ಮಾಡೋ ಗದ್ದಲದಾಗ ನಾ ನೋಡ್ಲೇ ಇಲ್ಲ. ಅಕಿ ಕದ್ದಿರಲಿಲ್ಲ ಹೌದಲ್ಲ? ಖರೇ ಹೇಳು ಮತ್ತ. ನೀ ಆವಾಗ ಅರ್ಧ ಸುಳ್ಳ ಹೇಳತಿದ್ದಿ, ನನಗ ಗೊತ್ತಿತ್ತು."

"ಗೊತ್ತಿತ್ತಾ?"

"ಅಷ್ಟು ಉದ್ದ ಹಿಂದಿಗೆ ನಿಂದು ಎರಡ ಮಾತಿನ ಕನ್ನಡ! ಆದ್ರೂ ಚಂದ ಹೇಳತಿದ್ದಿ."

ಧಾರಾವಾಹಿಯ ಕೊನೆಯಲ್ಲಿ ಆ ಹೆಂಗಸನ್ನು ಮನೆಗೆ ವಾಪಸ್ ಕರೆಸುತ್ತಾರೆ. ಹಾಲಿನ ಮಧ್ಯದಲ್ಲಿ ಕೂರಿಸುತ್ತಾರೆ, ಯಜಮಾನಿ ಕೈ ಮುಗಿಯುತ್ತಾಳೆ, ಮೇಷ್ಟ್ರು ಅಳುತ್ತಾರೆ. ಅದನ್ನು ಹೇಳಬಹುದಿತ್ತು, ಅವರು ಕೇಳಿದ್ದೂ ಧಾರಾವಾಹಿಯನ್ನೇ. ಅದನ್ನು ಹೇಳಿದೆ. ಆಮೇಲೆ ಪುಸ್ತಕದಲ್ಲಿ ಹಾಗಿಲ್ಲ ಎಂದೂ ಹೇಳಿದೆ. ಪುಸ್ತಕದಲ್ಲಿ ಅಳಿಯನನ್ನು ಹಿಡಿಯುವ ಹೊತ್ತಿಗೆ ಅವಳು ಊರು ಬಿಟ್ಟಾಗಿರುತ್ತದೆ. ಅವಳಿಗೊಂದು ಕಾಗದ ಬರೆಯಬೇಕು ಎಂದು ಯಾರೋ ಅನ್ನುತ್ತಾರೆ. ಮುಂದಿನ ಪುಟದಲ್ಲಿ ಎಲ್ಲರೂ ಚಹಾ ಕುಡಿಯುತ್ತಿರುತ್ತಾರೆ.

"ಬರದ್ರೇನು ಕಾಗದ?"

"ಅದು ಪುಸ್ತಕದಲ್ಲಿಲ್ಲ ಆಂಟಿ."

"ಹ್ಞಾಂ," ಎಂದರು. ಮೆಷಿನ್ನು ತುಳಿಯಲು ಶುರು ಮಾಡಿದರು.

ಮನೆಗೆ ಬಂದು ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ನಡುವಿನ ಮನೆಯವರ ಮಾತು ಬಂದಾಗ ಅವಳು ಕಣ್ಣು ಮುಚ್ಚಿದಳು. ನೀನೇ ಬರಬೇಕಂತೆ ಎಂದಾಗ, "ನಂಗೆ ಮಂಡಿನೋವು, ಬಸ್ ಹತ್ತಕ್ಕಾಗಲ್ಲ," ಎಂದಳು. ನಾನು ಒತ್ತಾಯಿಸಲಿಲ್ಲ. ಒತ್ತಾಯಿಸಿದರೆ ಅವಳ ಪಾಲಿನದನ್ನೂ ನಾನೇ ಹೇಳಿದಂತಾಗುತ್ತಿತ್ತು. ಸಂಜೆಯೆಲ್ಲ ಇಬ್ಬರೂ ಒಬ್ಬರಿಗೊಬ್ಬರು ಅಡ್ಡ ಬರುತ್ತಾ ಮನೆಯೊಳಗೆ ಓಡಾಡಿದೆವು. ಭಾಷಣದ ಹಾಳೆಯಲ್ಲಿ ಮೊದಲ ವಾಕ್ಯವನ್ನು ಹೊಡೆದು ಹಾಕಿದೆ. ಅದರ ಜಾಗದಲ್ಲಿ ಏನೂ ಬರೆಯಲಾಗಲಿಲ್ಲ.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಅಮ್ಮ ರೇಷ್ಮೆ ಅಂಚಿನ ಸೀರೆ ಉಟ್ಟು ಹಾಲಿಗೆ ಬಂದಳು.

"ಆಟೋ ಸಿಗುತ್ತಾ ಉಲ್ಲಾಳಕ್ಕೆ?"

ಫೋನಿನಲ್ಲಿ ಆಟೋ ಕರೆದೆ. ಐದು ನಿಮಿಷ ಎಂದು ತೋರಿಸಿತು. ಅಷ್ಟರಲ್ಲಿ ಅಮ್ಮ ಬೀರುವಿನ ಬಾಗಿಲು ತೆಗೆದಳು. ವಿಜಯನಗರಕ್ಕೆ ಬಂದ ಮೇಲೆ ಕೊಂಡ ಅದೇ ಬೀರು, ಅದೇ ಉದ್ದ ಕನ್ನಡಿ. ಬಾಗಿಲು ತಿರುಗಿದಾಗ ಕನ್ನಡಿಯಲ್ಲಿ ಅವಳ ಕೈ ಮಾತ್ರ ಕಂಡಿತು. ನಾನು ಬೇಕೆಂದೇ ಎದ್ದು ಹೋಗಿ ಅವಳ ಪಕ್ಕದಲ್ಲಿ ನಿಂತೆ.

"ಬರಿಗೈಲಿ ಹೆಂಗೆ ಹೋಗೋದು?" ಎನ್ನುತ್ತಾ ಮಡಿಸಿಟ್ಟ ರವಿಕೆ ಕಣಗಳಿಂದ ಹಸಿರಿನದೊಂದನ್ನು ಎಳೆದಳು. ಮೂಲೆಯ ಪೆನ್ಸಿಲ್ ಅಕ್ಷರವನ್ನು ನೋಡಿ ಹಿಂದಕ್ಕಿಟ್ಟಳು. ಇನ್ನೊಂದನ್ನು ತೆಗೆದು ಅದರಲ್ಲೂ ಅಕ್ಷರ ಹುಡುಕಿದಳು. ಆಮೇಲೆ ಏನನ್ನಿಸಿತೋ, ಅದರ ಮೇಲಿನ ಕಾಗದದ ಪಟ್ಟಿ ಹರಿದು, ಮಡಿಕೆ ಮಡಿಕೆಯಾಗಿ ಪೂರ್ತಿ ಬಿಚ್ಚಿ, ಎರಡೂ ತುದಿ ಹಿಡಿದು ಜೋರಾಗಿ ಕೊಡವಿದಳು. ಏನೂ ಬೀಳಲಿಲ್ಲ. ಮತ್ತೊಮ್ಮೆ ಕೊಡವಿದಳು.

ಹೊರಗೆ ಆಟೋದವನು ಹಾರ್ನ್ ಮಾಡಿದ. ಅಮ್ಮ ಬಟ್ಟೆಯನ್ನು ಮಡಿಸದೆ ಹಾಗೇ ತೋಳಿನ ಮೇಲೆ ಹಾಕಿಕೊಂಡು ಚಪ್ಪಲಿ ಮೆಟ್ಟಿದಳು.